ಅರ್ಧ ಸುತ್ತು ಹಿಂದಕ್ಕೆ

ಮಾರ್ಚ್ 3, ಸೋಮವಾರ

ಲ್ಯಾಬಿಗೆ ಆರು ಹೊಸ ಕಂಪ್ಯೂಟರ್ ಬಂದವು. ಹಳೆಯ ಆರನ್ನು ಗುಜರಿಯವನು ಬೆಳಿಗ್ಗೆಯೇ ಹೇರಿಕೊಂಡು ಹೋದ. ಪ್ರಿನ್ಸಿಪಾಲರು ಹೊಸದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ನನ್ನನ್ನೂ ಕರೆದರು, ಹೋಗಿ ಅಂಚಿನಲ್ಲಿ ನಿಂತೆ.

ಮಧ್ಯಾಹ್ನ ಹನ್ನೊಂದು ಜನ ಅಭ್ಯರ್ಥಿಗಳನ್ನು ಕೂರಿಸಿಕೊಂಡು 'ಬಾಯ್ಲರ್ ಚಾಲನೆ: ಒಂಬತ್ತು ಹೆಜ್ಜೆ' ಪಾಠ ತೆರೆದೆ. ಬಾಯ್ಲರ್ ಬರಲಿಲ್ಲ. ಬಾಯ್ಲರ್ ಇರಬೇಕಾದ ಜಾಗದಲ್ಲಿ ಒಂದು ಬೂದು ಚೌಕ, ಅದರೊಳಗೆ ಒಂದೇ ಸಾಲು: ಈ ಪ್ಲಗಿನ್ ಈಗ ಚಾಲ್ತಿಯಲ್ಲಿಲ್ಲ. ಆರು ಕಂಪ್ಯೂಟರಿನಲ್ಲೂ ಆರು ಬೂದು ಚೌಕ. ಹಿಂದಿನ ಬೆಂಚಿನಿಂದ ಯಾರೋ, "ಸಾರ್, ಬಾಯ್ಲರ್ ಪೂರ್ತಿ ಸೋರಿ ಹೋಗಿದೆ," ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಮೂವತ್ತೊಂದು ವರ್ಷದಿಂದ ಈ ತರಬೇತಿ ಕೇಂದ್ರದಲ್ಲಿ ಬಾಯ್ಲರ್ ಕಲಿಸುತ್ತಿದ್ದೇನೆ. ಬಾಯ್ಲರ್ ವಿಷಯದಲ್ಲಿ ತಮಾಷೆ ನನಗೆ ಆಗಿಬರುವುದಿಲ್ಲ.

ಏಪ್ರಿಲ್ 4ಕ್ಕೆ ಪರೀಕ್ಷೆ. ಕಂಪ್ಯೂಟರಿನ ಈ ಪಾಠದಲ್ಲಿ ಹನ್ನೆರಡು ಗಂಟೆ ಅಭ್ಯಾಸ ಮಾಡಿ, ಒಂದು ಸಲವಾದರೂ ಒಂಬತ್ತೂ ಹೆಜ್ಜೆಯನ್ನು ತಪ್ಪಿಲ್ಲದೆ ಮುಗಿಸದವರನ್ನು ಪರೀಕ್ಷೆಗೆ ಕೂರಿಸುವ ಹಾಗಿಲ್ಲ. ಪರೀಕ್ಷೆ ಇಲ್ಲದೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದೆ ಬಾಯ್ಲರ್ ಹತ್ತಿರ ಸುಳಿಯುವಂತಿಲ್ಲ. ಈ ನಿಯಮ ಬರೆದ ಮೂವರಲ್ಲಿ ನಾನೂ ಒಬ್ಬ. ಆಗ ಅದು ಒಳ್ಳೆಯ ನಿಯಮವಾಗಿತ್ತು.

ಮಾರ್ಚ್ 4, ಮಂಗಳವಾರ

ಪ್ಲಗಿನ್ ಎಂದರೆ ಪಾಠವನ್ನು ಓಡಿಸುವ ಸಣ್ಣ ಪ್ರೋಗ್ರಾಂ ಅಂತೆ. ಯಾರನ್ನೂ ಕೇಳುವ ಗೋಜಿಗೆ ಹೋಗದೆ ಇಂಟರ್ನೆಟ್ಟಿನಲ್ಲಿ ನಾನೇ ಹುಡುಕಿದೆ. ಬೇಗ ಸಿಕ್ಕಿತು: 'ನಿಮ್ಮ ಹಳೆಯ ಪ್ಲಗಿನ್ ಇಲ್ಲಿದೆ, ಉಚಿತ.' ಕೆಳಗೆ ಒಂದು ದೊಡ್ಡ ಹಸಿರು ಗುಂಡಿ. ಒತ್ತಿದೆ. ಅದು ನಾಲ್ಕು ಪ್ರಶ್ನೆ ಕೇಳಿತು. ನಾಲ್ಕಕ್ಕೂ ಹೌದು ಎಂದೆ.

ಹನ್ನೊಂದೂವರೆಗೆ ಕಚೇರಿಯ ಎಲ್ಲ ಕಂಪ್ಯೂಟರಿನಲ್ಲೂ ಹೊಟ್ಟೆ ಕರಗಿಸುವ ಮಾತ್ರೆಯ ಜಾಹೀರಾತು ಬರತೊಡಗಿತು. ಹನ್ನೆರಡಕ್ಕೆ ಪ್ರಿನ್ಸಿಪಾಲರ ಹೆಸರಿನಲ್ಲಿ ಎಲ್ಲರಿಗೂ ಒಂದು ಮೇಲ್ ಹೋಯಿತು; ಈ ಮಾತ್ರೆಯಿಂದ ತಮಗೆ ತುಂಬ ಗುಣವಾಯಿತೆಂದು ಅವರು ಅದರಲ್ಲಿ ಬರೆದಿದ್ದರು. ಪ್ರಿನ್ಸಿಪಾಲರದು ಸ್ವಲ್ಪ ಭಾರಿ ಶರೀರ. ಹೀಗಾಗಿ ವಿಷಯ ಬೇಗ ದೊಡ್ಡದಾಯಿತು.

ಕಂಪ್ಯೂಟರ್ ವಿಭಾಗದ ಮೇಡಂ ಓಡಿ ಬಂದು ತಂತಿಗಳನ್ನೆಲ್ಲ ಕಿತ್ತರು. ಆಮೇಲೆ ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತರು.

"ಸಾರ್, ಯಾರೋ ಗುರುತು ಪರಿಚಯ ಇಲ್ಲದವನು ಬಂದು, ನಿಮ್ಮ ಬಾಯ್ಲರ್‌ಗೆ ಈ ವಾಲ್ವ್ ಹಾಕ್ಕೊಳ್ಳಿ, ಪುಕ್ಕಟೆ ಕೊಡ್ತೀನಿ ಅಂದ್ರೆ ಹಾಕ್ಕೊಳ್ತೀರಾ?"

"ಒದ್ದು ಓಡಿಸ್ತೀನಿ."

"ಮತ್ತೆ?"

ನನ್ನ ಕುರ್ಚಿಯ ಹಿಂದೆ 'ಸುರಕ್ಷತೆಯೇ ಮೊದಲ ಹೆಜ್ಜೆ' ಎಂಬ ಫಲಕವಿದೆ, ನಾನೇ ಬರೆಸಿ ಹಾಕಿಸಿದ್ದು. ಮೇಡಂ ತಲೆ ಎತ್ತಿ ಅದನ್ನು ಓದಿದರು. ಇರುವುದು ಮೂರು ಪದ. ಬಹಳ ಹೊತ್ತು ಓದಿದರು.

ಮಾರ್ಚ್ 6, ಗುರುವಾರ

ಹಳೆಯ ಪ್ಲಗಿನ್ ಮತ್ತೆ ಹಾಕುವ ಮಾತೇ ಬೇಡ ಎಂದರು ಮೇಡಂ. ಅದರ ತುಂಬ ತೂತುಗಳಂತೆ. ಮಾಡಿದವರೇ ಕೈಬಿಟ್ಟ ಮೇಲೆ ಮುಚ್ಚುವವರು ಯಾರೂ ಇಲ್ಲ, ಕಳ್ಳರು ನುಗ್ಗುವುದು ಅಲ್ಲಿಂದಲೇ. ಹಾಗಾದರೆ ನಮ್ಮ ಹಳೆಯ ಕಂಪ್ಯೂಟರುಗಳಲ್ಲಿ ಕಳೆದ ವಾರದವರೆಗೆ ಹೇಗೆ ಓಡುತ್ತಿತ್ತು ಎಂದು ಕೇಳಿದೆ. ಅವಕ್ಕೆ ಇಂಟರ್ನೆಟ್ಟೇ ಇರಲಿಲ್ಲ, ಪ್ಲಗಿನ್ ಸತ್ತ ಸುದ್ದಿ ಅವಕ್ಕೆ ಮುಟ್ಟಿರಲಿಲ್ಲ ಎಂದರು.

ದಾರಿ ಒಂದಿದೆಯಂತೆ. "ಎಮ್ಯುಲೇಟರ್ ಅಂತ ಬರುತ್ತೆ ಸಾರ್. ಹೊಸ ಪ್ರೋಗ್ರಾಂ. ಹಳೇ ಪ್ಲಗಿನ್ ಮಾಡ್ತಿದ್ದ ಕೆಲಸನೆಲ್ಲ ಇದು ಮಾಡುತ್ತೆ. ನಿಮ್ಮ ಪಾಠದ ಫೈಲು ಇದನ್ನೇ ಪ್ಲಗಿನ್ ಅಂದ್ಕೊಂಡು ಓಡುತ್ತೆ. ಕಂಪ್ಯೂಟರಿನ ಬೇರೆ ಯಾವುದನ್ನೂ ಮುಟ್ಟೋಕೆ ಬಿಡಲ್ಲ." ಅದರ ಮೇಲೂ ಅವರಿಗೆ ಸಮಾಧಾನವಿಲ್ಲ. ಒಂದು ಕಂಪ್ಯೂಟರನ್ನು ಬೇರೆ ಕೋಣೆಗೆ ಹಾಕಿಸಿ, ನೆಟ್‌ವರ್ಕ್ ತಂತಿ ಬಿಚ್ಚಿ ತಮ್ಮ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಪೆನ್‌ಡ್ರೈವ್ ಯಾವುದೇ ಬರಲಿ, ಮೊದಲು ಅವರ ಕೈಯಲ್ಲಿ ತಪಾಸಣೆ. ಬಾಯ್ಲರ್ ಒಳಗೆ ಆಳು ಇಳಿಯುವಾಗ ನಾವೂ ಲೈನ್ ಬೇರ್ಪಡಿಸಿ ಬೀಗ ಹಾಕಿ, ಕೀಲಿಯನ್ನು ಇಳಿದವನ ಜೇಬಿಗೇ ಕೊಡುತ್ತೇವೆ. ಈ ಹೆಂಗಸಿಗೆ ಕೆಲಸ ಗೊತ್ತು.

ನನ್ನ ಬೀರುವಿನಲ್ಲಿದ್ದ ಹಳೆಯ ಸಿ.ಡಿ.ಯಿಂದ ಪಾಠದ ಫೈಲು ತೆಗೆದು ಹಾಕಿದರು. ಬಾಯ್ಲರ್ ಬಂತು! ನಾನು ಬರೆದ ಚಿತ್ರ, ಅದೇ ಕಂದು ಬಣ್ಣ. ಕುರ್ಚಿಯಿಂದ ಎದ್ದೇಬಿಟ್ಟೆ. ಆದರೆ ಒತ್ತಡದ ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ. ಒತ್ತಡದ ಲೆಕ್ಕವೆಲ್ಲ ಬೇರೊಂದು ಫೈಲಿನಲ್ಲಿತ್ತು, ಆ ಫೈಲು ಹಳೆಯ ಕಂಪ್ಯೂಟರುಗಳಲ್ಲಿ ಮಾತ್ರ ಇತ್ತು. ಗುಜರಿಯವನನ್ನು ಹುಡುಕೋಣ ಎಂದೆ.

"ಅವುಗಳ ಡಿಸ್ಕ್‌ಗಳಿಗೆ ನಾನೇ ಮುಂದೆ ನಿಂತು ತೂತು ಕೊರೆಸಿದೀನಿ ಸಾರ್. ಸುರಕ್ಷತೆ."

ಆಮೇಲೆ ಕೇಳಿದರು: "ಈ ಪಾಠ ಮಾಡಿದ್ದು ಯಾರು? ಅವರ ಹತ್ರ ಇದ್ದೇ ಇರುತ್ತೆ."

ಗೊತ್ತಿಲ್ಲ ಎಂದೆ.

ಗೊತ್ತು. ನನ್ನ ಹೆಂಡತಿಯ ತಮ್ಮ. ಹದಿನಾಲ್ಕು ವರ್ಷದಿಂದ ನಾನು ಆ ಮಹಾಶಯನ ಜೊತೆ ಮಾತಾಡಿಲ್ಲ, ಆ ಮಹಾಶಯ ನನ್ನ ಜೊತೆ ಮಾತಾಡಿಲ್ಲ. ನಮ್ಮಿಬ್ಬರ ನಡುವೆ ಒಮ್ಮತವಿರುವುದು ಇದೊಂದರಲ್ಲೇ.

ಮಾರ್ಚ್ 7, ಶುಕ್ರವಾರ

ನಡೆದದ್ದನ್ನು ನಡೆದ ಹಾಗೇ ಬರೆದಿಡುತ್ತೇನೆ.

ಹದಿನಾಲ್ಕು ವರ್ಷದ ಹಿಂದೆ ಪಾಠಗಳನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕೆಂದಾಗ ಆಗಿನ ಪ್ರಿನ್ಸಿಪಾಲರಿಗೆ ಆ ಮಹಾಶಯನ ಹೆಸರು ಹೇಳಿದವನು ನಾನೇ. ಚಿತ್ರ ನನ್ನದು, ಹೆಜ್ಜೆಗಳನ್ನು ಬರೆದುಕೊಟ್ಟವನು ನಾನು, ಪ್ರೋಗ್ರಾಂ ಅವನದು. ಒಟ್ಟು ಆರು ಪಾಠಕ್ಕೆ ಮಾತಾಗಿತ್ತು, ಇದು ಮೊದಲನೆಯದು. ತೋರಿಸುವ ದಿನ ಸಭೆ ತುಂಬಿತ್ತು. ಆರು ಹೆಜ್ಜೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಾಗಿದವು. ಏಳನೆಯದು, ಹಬೆಯನ್ನು ಹೊರಗೆ ಬಿಡುವ ಮೇನ್ ವಾಲ್ವ್ ತೆರೆಯುವುದು. ಅವನು ಮೌಸ್ ಹಿಡಿದು ವಾಲ್ವಿನ ಚಕ್ರ ತಿರುಗಿಸಿದ. ತಿರುಗಲಿಲ್ಲ. ಮತ್ತೆ ತಿರುಗಿಸಿದ. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸಭೆಯನ್ನು ಬಿಟ್ಟು ನನ್ನ ಕಡೆ ತಿರುಗಿ, "ನಮ್ಮನೇಲಿ ಸರಿಯಾಗೇ ಓಡುತ್ತೆ ಭಾವ," ಎಂದ.

"ಮನೇಲಿ ಎಲ್ಲಾರದೂ ಓಡುತ್ತಪ್ಪ. ಕೆಲಸ ಬರಲ್ಲ ಅಂದ್ರೆ ಬರಲ್ಲ ಅನ್ನು," ಎಂದೆ. ಸಭೆ ನಕ್ಕಿತು.

ಉಳಿದ ಐದು ಪಾಠ ಅವನಿಗೆ ಸಿಗಲಿಲ್ಲ. ಅದನ್ನು ನಂಬಿಕೊಂಡು ತೆರೆದಿದ್ದ ಕಂಪ್ಯೂಟರ್ ಕಂಪನಿ ವರ್ಷ ತುಂಬುವ ಮೊದಲೇ ಮುಚ್ಚಿತು. ಈಗ ಜೆರಾಕ್ಸ್ ಅಂಗಡಿ ಇಟ್ಟಿದ್ದಾನಂತೆ. ತಪ್ಪು ಅವನದು, ಹೇಳಿದವನು ನಾನು, ಅಷ್ಟೇ. ಹೆಂಡತಿ ತಮ್ಮನ ಮನೆಗೆ ಒಬ್ಬಳೇ ಹೋಗಿ ಒಬ್ಬಳೇ ಬರುತ್ತಾಳೆ. ನಾನು ಯಾವತ್ತೂ ಬೇಡ ಎಂದವನಲ್ಲ.

ಮಾರ್ಚ್ 10, ಸೋಮವಾರ

ಪಾಠ ನಡೆಯದಿದ್ದರೂ ಗೋಡೆಯ ಪಟ ತೋರಿಸಿ ಒಂಬತ್ತು ಹೆಜ್ಜೆ ಬಾಯಿಪಾಠ ಮಾಡಿಸುತ್ತಿದ್ದೇನೆ. ಒಂಬತ್ತು ಎನ್ನುವುದು ಹಳೆಯ ಲೆಕ್ಕ. ಈಗ ಒಂಬತ್ತು ಮತ್ತು ಒಂದು. ಏಳು-ಎ ನನ್ನ ಸೇರ್ಪಡೆ: ಮೇನ್ ವಾಲ್ವನ್ನು ಸ್ವಲ್ಪ ತಿರುಗಿಸಿ, ಅರ್ಧ ಸುತ್ತು ಹಿಂದಕ್ಕೆ ತಂದು, ಆಮೇಲೆ ಪೂರ್ತಿ ತೆರೆಯುವುದು. ಪಟದಲ್ಲಿ ಕೆಂಪು ಬಣ್ಣದಲ್ಲಿ ಬರೆಸಿದ್ದೇನೆ. ಇಲ್ಲಿ ಕಲಿತು ಹೋದ ಆರುನೂರು ಚಿಲ್ಲರೆ ಜನ ಎಲ್ಲೇ ಇರಲಿ, ಹಾಗೇ ತೆರೆಯುತ್ತಾರೆ. ಕೈ ತಿರುಗಿಸುವುದನ್ನು ನೋಡಿಯೇ ಇವನು ನಮ್ಮ ಕೇಂದ್ರದವನು ಎಂದು ಹೇಳಬಹುದಂತೆ.

ಹನ್ನೊಂದು ಜನರಲ್ಲಿ ಒಬ್ಬಳು ಆಸ್ಪತ್ರೆಯ ಲಾಂಡ್ರಿಯಿಂದ ಬಂದವಳು. ಒಂಬತ್ತು ವರ್ಷ ಹಾಸಿಗೆ ಬಟ್ಟೆ ಹಿಂಡಿದ್ದಾಳೆ. ಅಲ್ಲಿನ ಬಾಯ್ಲರ್ ಆಪರೇಟರ್ ನಿವೃತ್ತನಾಗುತ್ತಿದ್ದಾನೆ, ಏಪ್ರಿಲ್ ಮುಗಿಯುವುದರೊಳಗೆ ಲೈಸೆನ್ಸ್ ತಂದರೆ ಆ ಜಾಗ ಅವಳಿಗೆ, ಇಲ್ಲದಿದ್ದರೆ ಹೊರಗಿನವರಿಗೆ. ಕ್ಲಾಸ್ ಮುಗಿದ ಮೇಲೆ ನಿಂತಳು.

"ಸಾರ್, ಆ ಅರ್ಧ ಸುತ್ತು ಯಾಕೆ ಹಿಂದಕ್ಕೆ?"

"ಕೊಳವೆ ಬೆಚ್ಚಗಾಗೋಕೆ ಟೈಮ್ ಬೇಕಲ್ಲಮ್ಮ."

"ನಿಧಾನಕ್ಕೆ ತೆಗೆದ್ರೂ ಬೆಚ್ಚಗಾಗುತ್ತಲ್ವಾ ಸಾರ್?"

ಹೆಚ್ಚು ಪ್ರಶ್ನೆ ಕೇಳುವವರು ಬಾಯ್ಲರ್‌ಗೆ ಒಳ್ಳೆಯವರಲ್ಲ. ಹಾಗೆಂದು ಅವಳಿಗೆ ಹೇಳಲಿಲ್ಲ.

ಸಂಜೆ ಮುಖ ತೊಳೆಯುವಾಗ ಹೆಂಡತಿ, "ನಲ್ಲಿ ತಿರುಗಿಸೋಕೂ ಒಂದು ಶಾಸ್ತ್ರ ಮಾಡ್ತೀರಲ್ಲರೀ, ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ," ಎಂದಳು. ಕೈಗೆ ಬಿದ್ದ ಅಭ್ಯಾಸ, ನಾನೇನು ಮಾಡಲಿ?

ಮಾರ್ಚ್ 13, ಗುರುವಾರ

ಪ್ರಿನ್ಸಿಪಾಲರು ಕರೆದು, ಸೋಮವಾರದೊಳಗೆ ಪಾಠ ಓಡದಿದ್ದರೆ ಈ ತಂಡವನ್ನು ಮುಂದಿನ ವರ್ಷಕ್ಕೆ ಹಾಕುತ್ತೇನೆ ಎಂದರು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ತಮ್ಮನ ಹೆಸರು ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಫೋನಿನಲ್ಲಿ ಒಂದು ನಂಬರ್ ಒತ್ತಿ ನನ್ನ ಮುಂದೆ ಮೇಜಿನ ಮೇಲಿಟ್ಟು ಒಳಗೆ ಹೋದಳು. ಆ ಕಡೆ ರಿಂಗ್ ಆಗುತ್ತಿತ್ತು. ಕಟ್ ಮಾಡುವುದು ಹೇಗೆಂದು ಅವಳ ಫೋನಿನಲ್ಲಿ ನನಗೆ ಗೊತ್ತಾಗಲಿಲ್ಲ.

"ಹೇಳಕ್ಕ."

"ನಾನು."

ಆ ಕಡೆ ಹಿಂದೆ ಜೆರಾಕ್ಸ್ ಮಿಷಿನ್ ಸದ್ದು ಕೇಳುತ್ತಿತ್ತು, ಒಂದೇ ಸಮನೆ ಪ್ರತಿ ಬೀಳುತ್ತಿತ್ತು.

"ಹೇಳಿ ಭಾವ."

ಬಾಯ್ಲರ್ ಪಾಠದ ಒತ್ತಡದ ಫೈಲು ಬೇಕಾಗಿದೆ ಎಂದೆ. ಇದೆ ಎಂದ. ಎಲ್ಲಿಗೆ ಕಳಿಸಲಿ ಎಂದ. ಪೆನ್‌ಡ್ರೈವಿನಲ್ಲಿ ಹಾಕಿ ಅಕ್ಕನ ಕೈಗೆ ಕೊಡು ಎಂದೆ. ಆಯಿತು ಎಂದ. ಇಟ್ಟೆ. ಪೂರ್ತಿ ಎರಡು ನಿಮಿಷವೂ ಆಗಿಲ್ಲ. ಹೆಂಡತಿ ಒಳಗಿನಿಂದ ಬಂದು, ಅವನು ಹೇಗಿದ್ದಾನಂತೆ ಎಂದು ಕೇಳಿದಳು. ಅದನ್ನು ಕೇಳಲಿಲ್ಲ ಎಂದೆ.

ಮಾರ್ಚ್ 17, ಸೋಮವಾರ

ಪೆನ್‌ಡ್ರೈವ್ ಬಂತು, ಮೇಡಂ ತಪಾಸಣೆ ಮಾಡಿದರು, ಶುದ್ಧವಾಗಿದೆ ಎಂದರು. ಆದರೂ ಮುಳ್ಳು ಏಳಲಿಲ್ಲ. ಸಂಜೆ ಆರಕ್ಕೆ ಫೋನ್ ಮಾಡಿದೆ, ಈ ಸಲ ನನ್ನ ಫೋನಿನಿಂದ. ಎರಡೂ ಫೈಲು ಒಂದೇ ಫೋಲ್ಡರಿನಲ್ಲಿ ಇರಬೇಕು ಎಂದು ಭಾಮೈದ ಹೇಳಿದ. ಮೇಡಂ ಹಾಗೆ ಇಟ್ಟರು. ಮುಳ್ಳು ಎದ್ದಿತು. ಸೊನ್ನೆ, ಎರಡು, ನಾಲ್ಕು. ನೀರು ಕುದಿಯುವ ಸದ್ದೂ ಬಂತು. ಅದು ನಮ್ಮ ಮನೆಯ ಕುಕ್ಕರಿನ ಸದ್ದು, ಆಗ ಅವನು ಬಂದು ರೆಕಾರ್ಡ್ ಮಾಡಿಕೊಂಡು ಹೋಗಿದ್ದ. ಕೊನೆಯಲ್ಲಿ ಬಹಳ ಸಣ್ಣಗೆ ಹೆಂಡತಿಯ ದನಿ ಇದೆ: "ಮುಗೀತೇನೋ? ಗ್ಯಾಸ್ ಆರಿಸ್ಲಾ?" ಹದಿನಾಲ್ಕು ವರ್ಷ ಈ ಪಾಠ ನಡೆಸಿದ್ದೇನೆ, ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ. ಹಳೆಯ ಕಂಪ್ಯೂಟರುಗಳಿಗೆ ಸ್ಪೀಕರ್ ಇರಲಿಲ್ಲ.

ಪಾಠ ಓಡಿದೆ ಎಂದು ಪ್ರಿನ್ಸಿಪಾಲರಿಗೆ ತಿಳಿಸಿದೆ.

ಮಾರ್ಚ್ 20, ಗುರುವಾರ

ಒಂದೇ ಕಂಪ್ಯೂಟರಿನಲ್ಲಿ ಹನ್ನೊಂದು ಜನರ ಹನ್ನೆರಡು ಗಂಟೆ ಆಗುವ ಮಾತಲ್ಲ. ಮೇಡಂ ಉಳಿದ ಐದಕ್ಕೂ ಎಮ್ಯುಲೇಟರ್ ಹಾಕುತ್ತಿದ್ದಾರೆ, ಐದರ ತಂತಿಯೂ ಡ್ರಾಯರಿಗೆ ಹೋಗಿದೆ. ಕನ್ನಡ ಅಕ್ಷರಗಳು ಒಡೆದು ಒಡೆದು ಬರುತ್ತಿದ್ದವು, ಅದಕ್ಕೆ ಭಾಮೈದನಿಗೆ ಫೋನ್ ಮಾಡಿದೆ. ಅಕ್ಷರದ ಫೈಲು ಯಾವುದೆಂದು ಹೇಳಿದ. ಆಮೇಲೆ ಅವನ ಮಂಡಿ ನೋವಿನ ವಿಷಯ ಬಂತು. ನನಗೂ ಎಡ ಮಂಡಿ ಹಿಡಿದಿದೆ ಎಂದೆ. ಅವನದು ಬಲಗಡೆಯದಂತೆ. ಯಾವ ಎಣ್ಣೆಯೂ ತಾಗಿಲ್ಲವಂತೆ.

ನಲವತ್ತು ನಿಮಿಷ ಆಯಿತು ಎಂದಳು ಹೆಂಡತಿ. ತಾಂತ್ರಿಕ ವಿಷಯ ಎಂದೆ.

ಮಾರ್ಚ್ 21, ಶುಕ್ರವಾರ

ಆರು ಗಂಟೆಗೆ ಫೋನ್ ಮಾಡುವಂಥದ್ದು ಏನೂ ಇರಲಿಲ್ಲ. ಆರೂ ಹತ್ತಕ್ಕೆ ಅವನೇ ಮಾಡಿದ. ಅಕ್ಷರ ಸರಿಯಾಯಿತೇ ಎಂದು ಕೇಳಲು. ಸರಿಯಾಗಿದೆ ಎಂದೆ. ನಾಳೆಯಿಂದ ಅಭ್ಯಾಸ ಶುರು.

ಮಾರ್ಚ್ 24, ಸೋಮವಾರ

ಯಾರಿಗೂ ಆಗುತ್ತಿಲ್ಲ.

ಶನಿವಾರ ಹೊಸದಕ್ಕೆ ಕೈ ಕೂರಲಿ ಎಂದು ಸುಮ್ಮನಿದ್ದೆ. ಇವತ್ತು ಹನ್ನೊಂದು ಜನವೂ ಆರು ಹೆಜ್ಜೆ ಸರಿಯಾಗಿ ದಾಟುತ್ತಾರೆ, ಏಳಕ್ಕೆ ಚಕ್ರ ತಿರುಗಿಸುತ್ತಾರೆ, ನಾನು ಕಲಿಸಿದ ಹಾಗೆ ಅರ್ಧ ಸುತ್ತು ಹಿಂದಕ್ಕೆ ತರುತ್ತಾರೆ, ತಕ್ಷಣ ಗಂಟೆ ಹೊಡೆದು ಕೆಂಪು ಅಕ್ಷರ ಬರುತ್ತದೆ: ತಪ್ಪು ಹೆಜ್ಜೆ. ಮೊದಲಿನಿಂದ ಆರಂಭಿಸಿ. ಹಳೆಯ ಕಂಪ್ಯೂಟರುಗಳಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆರು ಕಂಪ್ಯೂಟರಿನ ಗಂಟೆ ಕೇಳಿ ಕೇಳಿ ಪಕ್ಕದ ಕೋಣೆಯವರು ಬಂದು ಬಾಗಿಲು ಮುಚ್ಚಿಕೊಂಡು ಹೋದರು.

ಎಮ್ಯುಲೇಟರ್ ಕೆಟ್ಟಿದೆ ಎಂದು ಮೇಡಂಗೆ ಹೇಳಿದೆ. ಅವರು ತಾವೇ ಕೂತರು. ಅವರಿಗೆ ಬಾಯ್ಲರ್ ಗೊತ್ತಿಲ್ಲ, ಏಳು-ಎ ಗೊತ್ತಿಲ್ಲ. ಚಕ್ರವನ್ನು ಒಂದೇ ಸಲಕ್ಕೆ ನಿಧಾನವಾಗಿ ತಿರುಗಿಸಿದರು. ವಾಲ್ವ್ ತೆರೆಯಿತು, ಹಬೆ ಹೋಯಿತು, ಮುಳ್ಳು ತನ್ನ ಜಾಗಕ್ಕೆ ಬಂದು ನಿಂತಿತು.

"ಕೆಟ್ಟಿಲ್ಲವಲ್ಲ ಸಾರ್," ಎಂದರು.

ಮಾರ್ಚ್ 25, ಮಂಗಳವಾರ

ಮೇಡಂ ಹಳೆಯ ಪ್ಲಗಿನ್ನಿನ ದೋಷಗಳ ಪಟ್ಟಿ ಹುಡುಕಿ ತಂದು ತೋರಿಸಿದರು. ನಮ್ಮ ಹಳೆಯ ಕಂಪ್ಯೂಟರುಗಳಿಗೆ ಹಾಕಿದ್ದ ಆವೃತ್ತಿ ತಿರುಗಿಸುವ ಚಕ್ರಗಳ ಮೊದಲ ಎಳೆತವನ್ನು ನುಂಗಿಬಿಡುತ್ತಿತ್ತಂತೆ. ಹಿಂದಕ್ಕೆ ಎಳೆದರೆ ಮಾತ್ರ ಎಚ್ಚೆತ್ತುಕೊಳ್ಳುತ್ತಿತ್ತು. ಆ ಹಿಂದಿನ ಎಳೆತವೂ ಲೆಕ್ಕಕ್ಕೆ ಸಿಗುತ್ತಿರಲಿಲ್ಲ, ಆದ್ದರಿಂದ ತಪ್ಪು ಎನ್ನುತ್ತಿರಲಿಲ್ಲ. ಮುಂದಿನ ಆವೃತ್ತಿಯಲ್ಲಿ ಸರಿ ಮಾಡಿದ್ದಾರೆ. "ಆಗ ಇದನ್ನ ಮಾಡಿದವರ ಮನೇಲಿ ಮುಂದಿನ ಆವೃತ್ತಿ ಇದ್ದಿರ್ಬೇಕು. ಅವರಿಗೆ ಸರಿಯಾಗೇ ಓಡಿರುತ್ತೆ," ಎಂದರು.

ಹೌದು, ಹಾಗಂತ ಅವನು ಹೇಳಿದ್ದ ಎಂದೆ.

ಎಲ್ಲೂ ಬರೆಯದಿದ್ದದ್ದನ್ನು ಈಗ ಬರೆಯುತ್ತೇನೆ. ಅವತ್ತು ಸಭೆ ಎದ್ದುಹೋದ ಮೇಲೆ, ಅವನೂ ಹೋದ ಮೇಲೆ, ನಾನು ಒಬ್ಬನೇ ಕೂತು ಆ ಚಕ್ರವನ್ನು ಆ ಕಡೆ ಈ ಕಡೆ ಎಳೆದಾಡಿದೆ. ಅರ್ಧ ಸುತ್ತು ಹಿಂದಕ್ಕೆ ತಂದಾಗ ಬಿಟ್ಟುಕೊಂಡಿತು. ಅವನನ್ನು ಕರೆದು, ಹೀಗೆ ಮಾಡಿದರೆ ಬರುತ್ತದೆ ಕಣೋ, ಏನೆಂದು ನೋಡು ಎನ್ನಬಹುದಿತ್ತು. ಕರೆಯಲಿಲ್ಲ. ಕೆಲಸ ಬರಲ್ಲ ಎಂದು ಹತ್ತು ಜನರ ಮುಂದೆ ಅಂದಾಗಿತ್ತು. ಹೊಸ ತಂಡಕ್ಕೆ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಎಂದು ಹೇಳಿಕೊಟ್ಟೆ. ಯಾಕೆ ಎಂದು ಯಾರೋ ಕೇಳಿದರು. ಕೊಳವೆ ಬೆಚ್ಚಗಾಗಲು ಎಂದೆ, ಆ ಕ್ಷಣಕ್ಕೆ ಬಾಯಿಗೆ ಬಂದದ್ದು. ಎರಡು ವರ್ಷದಲ್ಲಿ ನಾನೂ ಅದನ್ನು ನಂಬಿದ್ದೆ. ಅದಕ್ಕೊಂದು ಸಂಖ್ಯೆ ಕೊಟ್ಟು, ಪೇಂಟರನ್ನು ಕರೆಸಿ ಕೆಂಪು ಬಣ್ಣದಲ್ಲಿ ಬರೆಸಿದೆ.

ನಾಚಿಕೆಯಾಗುತ್ತಿದೆ.

ಮಾರ್ಚ್ 27, ಗುರುವಾರ

ಪರೀಕ್ಷೆಗೆ ಎಂಟು ದಿನ. ಹನ್ನೊಂದು ಜನರ ಕೈಯೂ ಅರ್ಧ ಸುತ್ತು ಹಿಂದಕ್ಕೆ ಹೋಗುತ್ತಿದೆ. ಆರು ಗಂಟೆಗೆ ಅವನಿಗೆ ಫೋನ್ ಮಾಡಿದೆ. ಇದನ್ನು ಮುಖಕ್ಕೆ ಮುಖ ಕೊಟ್ಟು ಹೇಳುವ ಧೈರ್ಯ ನನಗಿರಲಿಲ್ಲ, ಫೋನಿನಲ್ಲೂ ಸರಿಯಾಗಿ ಹೇಳಲಿಲ್ಲ.

"ಪ್ರೋಗ್ರಾಂನಲ್ಲಿ ಒಂದು ಸಣ್ಣ ಬದಲಾವಣೆ ಬೇಕಿತ್ತು," ಎಂದೆ.

"ಏನು ಭಾವ?"

"ಏಳನೇ ಹೆಜ್ಜೇಲಿ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದ್ರೂ ತಪ್ಪು ಅನ್ನಬಾರದು."

"ಹಿಂದಕ್ಕೆ ತಿರುಗಿಸಿದ್ರೆ ತಪ್ಪು ಅಂತ ನೀವೇ ಬರ್ಕೊಟ್ಟಿದ್ರಲ್ಲ. ನಿಮ್ಮ ಕೈಬರಹದ ಕಾಗದ ನನ್ನ ಹತ್ರ ಇದೆ. ಓದ್ಲಾ?"

ಬೇಡ ಎನ್ನುವಷ್ಟರಲ್ಲಿ ಓದಿದ. 'ಮೇನ್ ವಾಲ್ವನ್ನು ನಿಧಾನವಾಗಿ, ಹಿಂದಕ್ಕೆ ತಿರುಗಿಸದೆ, ಪೂರ್ತಿ ತೆರೆಯುವುದು.' 'ಹಿಂದಕ್ಕೆ ತಿರುಗಿಸದೆ' ಎನ್ನುವುದರ ಕೆಳಗೆ ಎರಡು ಗೆರೆ ಎಳೆದಿದ್ದೇನಂತೆ.

"ಈಗ ಅದು ಒಂದೇ ಸಲಕ್ಕೆ ತೆರೀತಾ ಇದೆ," ಎಂದೆ. "ಮೊದಲು ಸಿಕ್ಕಿಹಾಕಿಕೊಳ್ತಿತ್ತಲ್ಲ, ಹಾಗೇ ಮಾಡ್ಕೊಡೋಕೆ ಆಗುತ್ತಾ?"

"ಅಂದ್ರೆ ತಪ್ಪನ್ನ ಮತ್ತೆ ಒಳಗೆ ಹಾಕ್ಬೇಕು."

"ಹೌದು."

"ಯಾರ ತಪ್ಪನ್ನ ಭಾವ?"

ಜೆರಾಕ್ಸ್ ಮಿಷಿನ್ ಸದ್ದು ನಿಂತಿತ್ತು. ಅವನು ಕಾದ, ಬಹಳ ಹೊತ್ತು ಕಾದ. ಆಮೇಲೆ, "ಪ್ರೋಗ್ರಾಂನ ಮೂಲ ಫೈಲು ನನ್ನ ಹತ್ರ ಇದೆ. ನೀವು ಹೇಳಿ, ಹಾಕ್ಕೊಡ್ತೀನಿ," ಎಂದ. ಕೋಪದಿಂದ ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು.

ಇಷ್ಟು ವರ್ಷ ನೀನು ಇದನ್ನೆಲ್ಲ ಯಾಕೆ ಇಟ್ಟುಕೊಂಡಿದ್ದೆ ಎಂದು ಕೇಳಿದೆ.

"ನಮ್ಮನೇಲಿ ಸರಿಯಾಗೇ ಓಡ್ತಿತ್ತಲ್ಲ ಭಾವ. ಸರಿಯಾಗಿ ಓಡೋದನ್ನ ಯಾರಾದ್ರೂ ಎಸೀತಾರಾ?"

ಮಾರ್ಚ್ 28, ಶುಕ್ರವಾರ

ಬರೆಯಲು ಏನೂ ಇಲ್ಲ. ಫೋನ್ ಮಾಡಲಿಲ್ಲ. ಅವನೂ ಮಾಡಲಿಲ್ಲ. ಹೆಂಡತಿ ಆರು ಗಂಟೆಯಿಂದ ಎಂಟರವರೆಗೆ ಫೋನಿನ ಪಕ್ಕದಲ್ಲೇ ಕೂತು ಬಟ್ಟೆ ಮಡಿಸಿದಳು. ಒಂದೇ ಟವೆಲನ್ನು ಮೂರು ಸಲ ಮಡಿಸಿದಳು.

ಮಾರ್ಚ್ 31, ಸೋಮವಾರ

ಬೆಳಿಗ್ಗೆ ಎಂಟೂವರೆಗೆ ಹೋದಾಗ ಲಾಂಡ್ರಿಯವಳು ಆಗಲೇ ಬಂದು ಕೂತಿದ್ದಳು. ಗಂಟೆ ಹೊಡೆಯುತ್ತಿತ್ತು, ಅವಳು ಮೊದಲಿನಿಂದ ಆರಂಭಿಸುತ್ತಿದ್ದಳು. ಎಷ್ಟನೆಯ ಸಲ ಎಂದು ಕೇಳಿದೆ. ಶನಿವಾರದಿಂದ ಸೇರಿಸಿ ಅರವತ್ತು ದಾಟಿದೆ ಎಂದಳು. "ನನ್ನ ಕೈಯಲ್ಲೇ ಏನೋ ಐಬಿದೆ ಸಾರ್. ನೀವು ಹೇಳಿದ ಹಾಗೇ ಮಾಡ್ತಿದೀನಿ, ಆದ್ರೂ ಬರ್ತಿಲ್ಲ. ನನಗೆ ಈ ಕೆಲಸ ಬರಲ್ಲ ಅನ್ಸುತ್ತೆ."

ಕೆಲಸ ಬರಲ್ಲ ಎಂದು ಅವಳ ಬಾಯಲ್ಲಿ ಬಂದದ್ದು ನನ್ನಿಂದ ಕೇಳಲಾಗಲಿಲ್ಲ.

ಸ್ಟೂಲು ತಂದು ಹಾಕಿಕೊಂಡು, ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಪಟದ ಮೇಲಿನ ಏಳು-ಎ ಒರೆಸಿದೆ. ಒಳ್ಳೆಯ ಪೇಂಟು, ಬೇಗ ಹೋಗಲಿಲ್ಲ. ನಾನು ಒರೆಸುತ್ತಿರುವಾಗಲೇ ಉಳಿದವರೂ ಬಂದು ನಿಂತರು. ಸ್ಟೂಲಿನ ಮೇಲಿನಿಂದಲೇ ಹೇಳಿದೆ: ಅರ್ಧ ಸುತ್ತಿಗೆ ಯಾವ ಕಾರಣವೂ ಇಲ್ಲ, ಹಳೆಯ ಪ್ಲಗಿನ್ನಿನಲ್ಲಿ ಒಂದು ದೋಷ ಇತ್ತು, ಅದನ್ನು ನಾನು ಪಾಠ ಎಂದು ಕಲಿಸಿದೆ, ಪ್ರೋಗ್ರಾಂ ಮಾಡಿದವನು ಮೊದಲಿನಿಂದಲೂ ಸರಿಯಾಗೇ ಮಾಡಿದ್ದ, ತಪ್ಪು ನನ್ನದು.

ಯಾರೂ ನಗಲಿಲ್ಲ. ಹಿಂದಿನ ಬೆಂಚಿನವನು ಮಾತ್ರ, "ಹಾಗಾದ್ರೆ ಒಂದೇ ಸಲಕ್ಕೆ ತೆಗೀಬಹುದಾ ಸಾರ್?" ಎಂದ. ತೆಗೆಯಬಹುದು, ನಿಧಾನಕ್ಕೆ ಎಂದೆ.

ಲಾಂಡ್ರಿಯವಳು ಒಂಬತ್ತೂ ಹೆಜ್ಜೆ ಒಂದೇ ಉಸಿರಿಗೆ ಮುಗಿಸಿದಳು. ಸ್ಪೀಕರಿನಲ್ಲಿ ಹೆಂಡತಿ ಗ್ಯಾಸ್ ಆರಿಸಲಾ ಎಂದು ಕೇಳಿದಳು. ಅದು ಪಾಠದ ಭಾಗವಲ್ಲ, ಗಮನ ಕೊಡಬೇಡಿ ಎಂದೆ.

ಏಪ್ರಿಲ್ 1, ಮಂಗಳವಾರ

ಇಲ್ಲಿಂದ ಲೈಸೆನ್ಸ್ ಪಡೆದ ಎಲ್ಲರಿಗೂ ಒಂದು ಸುತ್ತೋಲೆ ಸಿದ್ಧಪಡಿಸಿದೆ. 'ಹೆಜ್ಜೆ ಏಳು-ಎ ರದ್ದಾಗಿದೆ. ಇದರಿಂದ ಬಾಯ್ಲರ್‌ಗೆ ಅಪಾಯವೇನೂ ಆಗಿಲ್ಲ. ನಿಮ್ಮ ಸಮಯ ಮಾತ್ರ ಹಾಳಾಗಿದೆ. ಹದಿನಾಲ್ಕು ವರ್ಷದ ಹಿಂದಿನ ಪ್ರದರ್ಶನದಲ್ಲಿ ವಾಲ್ವ್ ತೆರೆಯದಿದ್ದದ್ದು ಪ್ಲಗಿನ್ನಿನ ದೋಷದಿಂದ. ಪ್ರೋಗ್ರಾಂ ರಚಿಸಿದವರಿಗೆ ಕೆಲಸ ಬರುವುದಿಲ್ಲವೆಂದು ಆ ದಿನ ಸಭೆಯಲ್ಲಿ ಹೇಳಿದ್ದು ತಪ್ಪು. ಅದನ್ನು ಹೇಳಿದವನು ಕೆಳಗೆ ಸಹಿ ಮಾಡಿರುವವನು.'

ಕೊನೆಯ ಎರಡು ವಾಕ್ಯ ಸುತ್ತೋಲೆಗೆ ಬೇಕೇ ಎಂದು ಪ್ರಿನ್ಸಿಪಾಲರು ಕೇಳಿದರು. ಬೇಕು ಎಂದೆ. ಆರುನೂರ ಮೂವತ್ತು ಪ್ರತಿ ತೆಗೆಸಬೇಕು, ನಮ್ಮ ಮಿಷಿನ್ ಅಷ್ಟು ಎಳೆಯುವುದಿಲ್ಲ, ಹೊರಗೆ ಎಲ್ಲಾದರೂ ಕೊಡಿ ಎಂದರು. ಕಾಗದವನ್ನು ಹೆಂಡತಿಯ ಕೈಯಲ್ಲಿ ಕಳಿಸಿದೆ, ಯಾವ ಅಂಗಡಿ ಎಂದು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಏಪ್ರಿಲ್ 2, ಬುಧವಾರ

ಪ್ರತಿಗಳು ಬಂದವು, ಅಂಚು ಸರಿಯಾಗಿ ಕತ್ತರಿಸಿ, ನೂರು ನೂರರ ಕಟ್ಟು ಕಟ್ಟಿ. ಎಣಿಸಿದೆ. ಆರುನೂರ ಇಪ್ಪತ್ತೊಂಬತ್ತು ಇವೆ. ಒಂದು ಕಡಿಮೆ. ಅಂಗಡಿಯವನು ಒಂದನ್ನು ಇಟ್ಟುಕೊಂಡನಂತೆ. ಏನಾದರೂ ಹೇಳಿದನೇ ಎಂದು ಹೆಂಡತಿಯನ್ನು ಕೇಳಿದೆ. "ಭಾನುವಾರ ಊಟಕ್ಕೆ ಬರ್ಬೇಕಂತೆ. ಇಬ್ರೂ," ಎಂದಳು. ತಕ್ಷಣ ನೀರು ಕುಡಿಯಲು ಒಳಗೆ ಹೋದಳು.

ಏಪ್ರಿಲ್ 4, ಶುಕ್ರವಾರ

ಪರೀಕ್ಷೆ ಆಯಿತು. ಹನ್ನೊಂದರಲ್ಲಿ ಹತ್ತು ಜನ ಪಾಸು. ಲಾಂಡ್ರಿಯವಳದು ಎಲ್ಲರಿಗಿಂತ ಕಡಿಮೆ ಸಮಯ. ಫೇಲಾದವನು ಹಿಂದಿನ ಬೆಂಚಿನವನು. ಒಂದನೇ ಹೆಜ್ಜೆಯಲ್ಲಿ ನೀರಿನ ಮಟ್ಟ ನೋಡುವುದನ್ನೇ ಮರೆತ. ಅದರಲ್ಲಿ ನನ್ನ ತಪ್ಪೇನೂ ಇಲ್ಲ. ಎರಡು ಸಲ ಯೋಚಿಸಿ ನೋಡಿದೆ, ಇಲ್ಲ. ಅವನನ್ನು ಸೋಮವಾರ ಬರಹೇಳಿದ್ದೇನೆ.

ಮೇಡಂ ತಂತಿಗಳನ್ನು ಡ್ರಾಯರಿನಲ್ಲೇ ಇಟ್ಟುಕೊಂಡಿದ್ದಾರೆ. ಮುಂದಿನ ತಂಡಕ್ಕೂ ಅಲ್ಲೇ ಇರಲಿ ಎಂದೆ.

ಏಪ್ರಿಲ್ 6, ಭಾನುವಾರ

ಹನ್ನೆರಡೂವರೆಗೆ ಹೋದೆವು. ಅವನ ತಲೆ ಪೂರ್ತಿ ಬೆಳ್ಳಗಾಗಿದೆ. ಬಲ ಕಾಲು ಎಳೆದು ನಡೆಯುತ್ತಾನೆ, ನಾನು ಎಡ ಕಾಲು. ಬಾಗಿಲಲ್ಲಿ ನಿಂತು ಇಬ್ಬರೂ ಒಬ್ಬರ ಮಂಡಿ ಒಬ್ಬರು ನೋಡಿಕೊಂಡೆವು. ಬನ್ನಿ ಭಾವ ಎಂದ. ಬಂದೆ ಎಂದೆ. ದಾರಿಯುದ್ದಕ್ಕೂ ಒಂದು ಮಾತು ಸಿದ್ಧ ಮಾಡಿಕೊಂಡು ಬಂದಿದ್ದೆ, ಅದನ್ನು ಹೇಳಲು ಶುರು ಮಾಡಿದೆ. "ಓದಿದೆ ಭಾವ," ಎಂದ. ಚಪ್ಪಲಿ ಬಿಟ್ಟು ಒಳಗೆ ಹೋದೆ.

ಊಟಕ್ಕೆ ಮೊದಲು ಕೈ ತೊಳೆಯಲು ಹೋದೆ. ಅವನು ಟವೆಲ್ ಹಿಡಿದು ಹಿಂದೆ ನಿಂತಿದ್ದ. ನಲ್ಲಿ ಸ್ವಲ್ಪ ತಿರುಗಿಸಿದೆ, ಅರ್ಧ ಸುತ್ತು ಹಿಂದಕ್ಕೆ ತಂದೆ.

"ನಮ್ಮನೇಲಿ ಒಂದೇ ಸಲಕ್ಕೆ ಬರುತ್ತೆ ಭಾವ," ಎಂದ.

ತಿರುಗಿಸಿದೆ. ಬಂತು. ಕೈ ತೊಳೆದುಕೊಂಡೆ. ಮುಖವನ್ನೂ ತೊಳೆದುಕೊಳ್ಳಬೇಕಾಯಿತು, ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅವನು ಟವೆಲ್ ಕೊಟ್ಟ.